ಸಿಗ್ನಲ್ಲೇ ಇಲ್ಲದ ಊರಿಗೆ ಆಂಟೆನಾ ಮಾರುವವರಿಗೆ

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನಿಗೆ ಶಿವಮೊಗ್ಗದ ಒಂದು ಅಂಗಡಿಯವರು 'ಡಿಜಿಟಲ್ ಆಂಟೆನಾ' ಅಂತ ಒಂದು ಕಪ್ಪು ಪ್ಲಾಸ್ಟಿಕ್ ಹಾಳೆ ಕೊಟ್ಟು ಕಳಿಸಿದ್ದಾರೆ. ಜೊತೆಗೆ ಕನ್ವರ್ಟರ್ ಬಾಕ್ಸ್ ಬೇರೆ. "ಯಜಮಾನ್ರೇ, ಕಿಟಕಿಗೆ ಅಂಟಿಸಿದ್ರೆ ಸಾಕು, ತಿಂಗಳ ದುಡ್ಡು ಕಟ್ಟೋ ತಲೆನೋವಿಲ್ಲ" ಅಂದರಂತೆ. ದೊಡ್ಡಪ್ಪನಿಗೆ ಬೇಕಾಗಿದ್ದು ಚಂದನ ಒಂದೇ. ಬಂದಿದ್ದು ನೋ ಸಿಗ್ನಲ್.

ಬರೋದಾದರೂ ಎಲ್ಲಿಂದ ಸ್ವಾಮಿ? ದೂರದರ್ಶನ ಗೋಪುರದಿಂದ ಡಿಜಿಟಲ್ ಪ್ರಸಾರ ಶುರು ಮಾಡಿದ್ದು 2016ರ ಫೆಬ್ರವರಿಯಲ್ಲಿ, 16 ನಗರಗಳಲ್ಲಿ. ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ಬೆಂಗಳೂರು ಮಾತ್ರ. ಆ ಸಿಗ್ನಲ್ ನೇರ ದಾರಿಯಲ್ಲಿ ಹೋಗುವಂಥದ್ದು. ಹತ್ತಾರು ಕಿಲೋಮೀಟರ್ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಇನ್ನು ಇನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ಬಂದು, ಗುಡ್ಡ ಹತ್ತಿ ಇಳಿದು, ದೊಡ್ಡಪ್ಪನ ಅಡುಗೆಮನೆ ಕಿಟಕಿ ಹುಡುಕುತ್ತದಾ? ಹಳೇ ಅನಲಾಗ್ ಪ್ರಸಾರವನ್ನೂ ಆಯಕಟ್ಟಿನ ಕೆಲವು ಜಾಗ ಬಿಟ್ಟು ಉಳಿದ ಕಡೆಯೆಲ್ಲ 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸುವುದಾಗಿ ದೂರದರ್ಶನ ನಡೆಸುವ ಪ್ರಸಾರ ಭಾರತಿಯೇ ಹೇಳಿತ್ತು. ಅಂಗಡಿ ಇಟ್ಟುಕೊಂಡವನಿಗೆ ಇಷ್ಟು ಗೊತ್ತಿರಬೇಡವಾ? ಗೊತ್ತಿದ್ದೂ ಮಾರಿದರೆ ಅದಕ್ಕೆ ಏನನ್ನಬೇಕು?

ಆ ಡಬ್ಬಿಯನ್ನ ತಿರುಗಿಸಿ ನೋಡಿದೆ. ಮೈ ಉರಿಯಿತು. ರೇಂಜ್ ಎಷ್ಟು ಅಂತ ಮೈಲಿಯಲ್ಲಿ ಬರೆದಿದ್ದಾರೆ. ನಮ್ಮೂರಲ್ಲಿ ಈಗ ಯಾರಪ್ಪ ಮೈಲಿ ಲೆಕ್ಕ ಹಾಕುವವರು? ಕೆಳಗೆ ಸಣ್ಣ ಅಕ್ಷರದಲ್ಲಿ ಎಟಿಎಸ್‌ಸಿ ಅಂತಿದೆ. ಅದು ಅಮೆರಿಕದ ಪದ್ಧತಿ. ನಮ್ಮದು ಡಿವಿಬಿ-ಟಿ2. ಅಂದರೆ ಆ ಬಾಕ್ಸನ್ನು ಬೆಂಗಳೂರಿನ ಗೋಪುರದ ಬುಡದಲ್ಲೇ ಇಟ್ಟರೂ ಏನೂ ಕಾಣಿಸುವುದಿಲ್ಲ! ಅಮೆರಿಕದಲ್ಲಿ 2009ರ ಜೂನ್ 12ಕ್ಕೆ ದೊಡ್ಡ ಸ್ಟೇಷನ್‌ಗಳ ಅನಲಾಗ್ ನಿಲ್ಲಿಸಿದರು. ಅದಕ್ಕೂ ಮುಂಚೆ ಕನ್ವರ್ಟರ್ ಬಾಕ್ಸ್ ಕೊಳ್ಳೋಕೆ ಮನೆಗೆ ಎರಡರವರೆಗೆ 40 ಡಾಲರ್‌ನ ಕೂಪನ್ ಕೊಟ್ಟಿತ್ತು ಅಲ್ಲಿನ ಸರ್ಕಾರ. ನಮ್ಮ ಹಳ್ಳಿ ಮನೆಗಳಿಗೆ ಕೂಪನ್ ಬೇಡ, "ನಿಮ್ಮ ಗಳದ ಮೇಲಿನ ಆಂಟೆನಾ ಇನ್ನು ಕೆಲಸಕ್ಕೆ ಬರಲ್ಲ" ಅಂತ ಒಂದು ಮಾತು ಹೇಳಿದವರಾದರೂ ಯಾರು?

ಇನ್ನೊಂದು ವಿಷಯ. ಡಿಜಿಟಲ್ ಆಂಟೆನಾ ಅಂತ ಬೇರೆ ಜಾತಿಯೇ ಇಲ್ಲ. ಆಂಟೆನಾ ಅಲೆಗಳನ್ನ ಹಿಡಿಯುತ್ತದೆ, ಅಷ್ಟೇ. ಅದರೊಳಗೆ ಡಿಜಿಟಲ್ ಇದೆಯೋ ಅನಲಾಗ್ ಇದೆಯೋ ಬಿಡಿಸೋದು ಬಾಕ್ಸಿನ ಕೆಲಸ. 4ಕೆ ಆಂಟೆನಾ, ಹೆಚ್‌ಡಿ ಆಂಟೆನಾ ಎಲ್ಲ ಡಬ್ಬಿ ಮೇಲಿನ ಬಣ್ಣ. ಚಿತ್ರ ಬರಲಿಲ್ಲ ಅಂತ ಫೋನ್ ಮಾಡಿದರೆ "ಬೂಸ್ಟರ್ ಹಾಕಿಸಿ" ಅಂತ ಮತ್ತೊಂದಕ್ಕೆ ಬಲೆ ಬೀಸುತ್ತಾರೆ. ಬತ್ತಿದ ಬಾವಿಗೆ ದೊಡ್ಡ ಮೋಟರ್ ಇಳಿಸಿದ ಹಾಗೆ. ವಾಪಸ್ ಕೊಡೋಕೆ ಹೋದರೆ ಪ್ಯಾಕ್ ಒಡೆದಿದೆ ಅಂತ ರಾಗ. ಪ್ಯಾಕ್ ಒಡೆಯದೆ ಟಿವಿಗೆ ಹಾಕೋದು ಹೇಗೆ ಮಾರಾಯ?

ದೊಡ್ಡಪ್ಪನಂಥವರಿಗೆ ಇವತ್ತು ಬಿಟ್ಟಿಯಾಗಿ ಇರುವ ದಾರಿ ಡಿಡಿ ಫ್ರೀ ಡಿಶ್, ಅಂದರೆ ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಬರುವ ದೂರದರ್ಶನದ ಸೇವೆ. 2004ರಿಂದ ಇದೆ, ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಹಿಂದಿ ಚಾನೆಲ್‌ಗಳೇ ಜಾಸ್ತಿ, ಅದು ಬೇರೆ ಅಳಲು. ಉಪಗ್ರಹ ಇರೋದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಕಡೆಯಿಂದ ನೋಡಿದರೆ ಆಗ್ನೇಯ ದಿಕ್ಕಿಗೆ, ದಿಗಂತದಿಂದ ಅರವತ್ತು ಡಿಗ್ರಿಗೂ ಮೇಲೆ. ಹಳೇ ಆಂಟೆನಾಗೆ ಅಡ್ಡ ಬರುತ್ತಿದ್ದ ಗುಡ್ಡ ಇದಕ್ಕೆ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಮರ ಬರುತ್ತದೆ. ಅದನ್ನೂ ನೋಡದೆ ಪಕ್ಕದ ಮನೆಯಲ್ಲಿ ಸಾಗುವಾನಿ ಕೊಂಬೆ ಕೆಳಗೇ ಡಿಶ್ ಕೂರಿಸಿ ಹೋಗಿದ್ದಾನೆ ಒಬ್ಬ ಪುಣ್ಯಾತ್ಮ. ಬೇಸಿಗೆಯಲ್ಲಿ ಎಲೆ ಉದುರಿದ್ದಾಗ ಹೇಗೋ ಬರುತ್ತಿತ್ತು. ಚಿಗುರಿದ ಮೇಲೆ ಚಿತ್ರ ಚೂರು ಚೂರು.

ಬಾಕ್ಸಿನಲ್ಲೂ ಮೋಸ. ಗೋಡೌನಿನಲ್ಲಿ ಕೊಳೆಯುತ್ತಿದ್ದ ಎಂಪೆಗ್-2 ಬಾಕ್ಸನ್ನ ದಾಟಿಸುತ್ತಾರೆ. ಎಂಪೆಗ್ ಅಂದರೆ ಚಿತ್ರವನ್ನ ಅಡಕ ಮಾಡಿ ಕಳಿಸುವ ಪದ್ಧತಿ, 2 ಹಳೇದು, 4 ಹೊಸದು. ಎಂಪೆಗ್-4ರಲ್ಲಿ ಬರುವ ಚಾನೆಲ್‌ಗಳು ಹಳೇ ಬಾಕ್ಸಿನಲ್ಲಿ ಕಾಣಿಸುವುದೇ ಇಲ್ಲ. ಮಳೆಯ ಕಥೆಯಂತೂ ಕೇಳಲೇಬೇಡಿ. ಜೋರು ಮಳೆಗೆ ಈ ಸಿಗ್ನಲ್ ಕುಗ್ಗುತ್ತದೆ, ಅದು ಯಾರ ತಪ್ಪೂ ಅಲ್ಲ. ಆದರೆ ಆಗುಂಬೆ ಪಕ್ಕದ ಊರಿಗೆ ಇರೋದರಲ್ಲೇ ಸಣ್ಣ ಡಿಶ್ ಕೊಡೋದು ತಪ್ಪು. ಸ್ವಲ್ಪ ದೊಡ್ಡದು ಹಾಕಿದರೆ ಸಾಧಾರಣ ಮಳೆಯನ್ನಾದರೂ ತಡೆಯುತ್ತದೆ. ಡಿಶ್ ಮುಂದೆ ಸಿಗ್ನಲ್ ಹಿಡಿಯೋಕೆ ಇರುವ ಎಲ್‌ಎನ್‌ಬಿಗೆ ವೈರ್ ಸೇರಿಸುವ ಜಾಗಕ್ಕೆ ರಬ್ಬರ್ ಟೋಪಿ ಹಾಕದೆ ಬಿಡೋದು ಇನ್ನೂ ದೊಡ್ಡ ತಪ್ಪು. ಪಕ್ಕದ ಮನೆಯದ್ದನ್ನ ಬಿಚ್ಚಿ ನೋಡಿದೆ. ಒಳಗೆ ಹಸಿರು ಕಿಲುಬು, ತಾಮ್ರದ ತಂತಿ ಮುಟ್ಟಿದರೆ ಪುಡಿ.

ತೀರ್ಥಹಳ್ಳಿ, ಹೊಸನಗರ ಕಡೆ ಡಿಶ್ ಸರಿಯಾಗಿ ಕೂರಿಸುವವರು ಯಾರಾದರೂ ಗೊತ್ತಿದ್ದರೆ ಹೇಳಿ. ತುಕ್ಕು ಹಿಡಿಯದ ಕ್ಲಾಂಪ್, ಎಂಪೆಗ್-4 ಬಾಕ್ಸ್, ಆ ರಬ್ಬರ್ ಟೋಪಿ, ಮೂರೂ ಅವರ ಹತ್ತಿರ ಇರಬೇಕು. ಆರಿದ್ರಾ ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು. "ಡಿಜಿಟಲ್ ಆಂಟೆನಾ ಇದೆ ಸಾರ್" ಅನ್ನುವವರು ಮಾತ್ರ ದಯವಿಟ್ಟು ಈ ಕಡೆ ತಲೆ ಹಾಕಬೇಡಿ.