ಒರೆಸಿದ ಪಟ್ಟಿಯೇ ಸಾಕು
ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ ಬೀದಿ ಡ್ರಗ್ಸ್‌ನ ಹೊಸ ಬೆರಕೆಗಳನ್ನು ಪತ್ತೆ ಮಾಡುವ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ನನಗೆ ಜಾಸ್ತಿ ಹಿಡಿಸಿದ್ದು ಆ ಒರೆಸುವ ಉಪಾಯ. ಪುಡಿಯನ್ನೇ ಕಳಿಸಬೇಕಾಗಿಲ್ಲ. ಖಾಲಿ ಪೊಟ್ಟಣದ ಮೈಯನ್ನು ಚಿಕ್ಕ ಪಟ್ಟಿಯಿಂದ ಒರೆಸಿ ಅಂಚೆಗೆ ಹಾಕಿದರೆ ಆಯಿತು. ಲ್ಯಾಬ್‌ನಲ್ಲಿ ಅದನ್ನು ಮಾಸ್ ಸ್ಪೆಕ್ಟ್ರೋಮೀಟರ್‌ಗೆ, ಅಂದರೆ ಅಣುಗಳ ತೂಕ ನೋಡಿ ವಸ್ತು ಗುರುತಿಸುವ ಯಂತ್ರಕ್ಕೆ, ಹಿಡಿದರೆ ಅದರಲ್ಲಿ ಏನೇನಿದೆ ಅಂತ ಕೆಲವೇ ಸೆಕೆಂಡಿನಲ್ಲಿ ಸುಳಿವು ಸಿಗುತ್ತದೆ.

ಇದು ಸುಮ್ನೆ ಲ್ಯಾಬ್ ಕುತೂಹಲ ಅಲ್ಲ. ಫೆಂಟನಿಲ್ ಎಂಬ ಅಫೀಮಿನ ಬಗೆಯ ಬಲು ಜೋರಾದ ಡ್ರಗ್ ಜೊತೆ ಬೆರೆಸುವ ಝೈಲಜೀನ್ ಇದೆಯಲ್ಲ, ಅದು ದನ, ಕುದುರೆಗಳಿಗೆ ಮಂಪರು ಬರಿಸುವ ಔಷಧ. ಡ್ರಗ್ಸ್ ಅತಿಯಾಗಿ ಉಸಿರು ನಿಲ್ಲುವಂತಾದವರಿಗೆ ಕೊಡುವ ನಲಾಕ್ಸೋನ್ ಎಂಬ ಮದ್ದು ಕೊಟ್ಟರೆ ಫೆಂಟನಿಲ್ ಅಮಲು ಇಳಿಯುತ್ತದೆ, ಝೈಲಜೀನ್‌ನದು ಇಳಿಯುವುದಿಲ್ಲ. ಉಸಿರು ಮರಳಿದರೂ ಮನುಷ್ಯ ಕಣ್ಣು ಬಿಡುವುದಿಲ್ಲ. ಪಕ್ಕದವರು ಗಾಬರಿಯಾಗಿ ನಲಾಕ್ಸೋನ್ ಡೋಸ್ ಮೇಲೆ ಡೋಸ್ ಕೊಡುತ್ತಾರೆ. ಶ್ವೇತಭವನ ಈ ಬೆರಕೆಯನ್ನು ಹೊಸ ಅಪಾಯ ಎಂದು ಘೋಷಿಸಿದ್ದು 2023ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಅದು ಎಷ್ಟೋ ಊರು ಸುತ್ತಿತ್ತು!

ಒಂದು ತಕರಾರು. ಡ್ರಗ್ಸ್‌ನಲ್ಲಿ ಫೆಂಟನಿಲ್ ಇದೆಯೇ ಎಂದು ತೋರಿಸುವ ಟೆಸ್ಟ್ ಸ್ಟ್ರಿಪ್ ಹಂಚಿದರೆ ಸಾಕು ಎಂಬ ಧಾಟಿ ಲೇಖನದಲ್ಲಿದೆ. ಸ್ಟ್ರಿಪ್ ಬೇಕು, ಆದರೆ ಅದಕ್ಕೆ ನಿಟಜೀನ್ ಎಂಬ ಇನ್ನೊಂದು ಬಗೆಯ ಜೋರಾದ ಡ್ರಗ್ಸ್ ಕಾಣಿಸುವುದಿಲ್ಲ. ನಿಟಜೀನ್‌ಗಳೇನು ನಿನ್ನೆ ಮೊನ್ನೆಯವಲ್ಲ. 1950ರ ದಶಕದಲ್ಲಿ ನೋವಿನ ಔಷಧಕ್ಕೆಂದು ತಯಾರಿಸಿ ಮೂಲೆಗೆ ಹಾಕಿದ್ದವು. ಅವು ಈಗ ಬೀದಿಗೆ ಬಂದಿವೆ. ಅವನ್ನು ಹಿಡಿಯಲು ಇಂಥ ಲ್ಯಾಬ್‌ಗಳೂ ಬೇಕು, ಅಲ್ವಾ?