ಮಾಂಟಾನಾನೋ, ಯಂಗೋ

ಅಮೆರಿಕನ್ ಫುಟ್‌ಬಾಲ್ ಆಡುವ ಫಾರ್ಟಿನೈನರ್ಸ್ ತಂಡದ ಇತಿಹಾಸದಲ್ಲೇ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಯಾರು ಎಂದು ಕೇಳಿದರೆ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಉತ್ತರ ಗೊತ್ತಿಲ್ಲದವರೇ ಇಲ್ಲ. ತೊಂದರೆ ಏನೆಂದರೆ ಉತ್ತರ ಎರಡಿವೆ. ಜೋ ಮಾಂಟಾನಾ ಅನ್ನುವವರು ದನಿ ಏರಿಸುವುದಿಲ್ಲ. ಏರಿಸುವ ಪ್ರಮೇಯ ಅವರಿಗೆ ಬಂದೇ ಇಲ್ಲ. ಸ್ಟೀವ್ ಯಂಗ್ ಅನ್ನುವವರು ಬಾಯಿ ತೆರೆಯುವ ಮೊದಲೇ ಮೊಬೈಲು ತೆಗೆದು ಅಂಕಿಅಂಶ ಹುಡುಕತೊಡಗುತ್ತಾರೆ. ನಾನು ಮೊಬೈಲು ತೆಗೆಯುವ ಪಂಗಡದವನು.

ಆಟ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ಹನ್ನೊಂದು ಜನರಲ್ಲಿ ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು, ಇಲ್ಲವೇ ತಾನೇ ಕಂಕುಳಲ್ಲಿ ಇರುಕಿಕೊಂಡು ಓಡಬೇಕೋ ಅನ್ನುವುದನ್ನು ಅವನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ನೂರಮೂವತ್ತು ಕಿಲೋ ತೂಗುವ ಆಸಾಮಿಗಳು ಅವನನ್ನು ಕೆಡವಲು ಹೊರಟಿರುತ್ತಾರೆ. ಗೆದ್ದರೆ ಹೆಸರೆಲ್ಲ ಅವನದು, ಸೋತರೆ ಬೈಗುಳವೆಲ್ಲ ಅವನಿಗೆ. ಇದು ನ್ಯಾಯವಲ್ಲ, ಆದರೆ ವಾದಕ್ಕೆ ತುಂಬ ಅನುಕೂಲ.

ಕಂಪ್ಯೂಟರುಗಳ ವೈಟೂಕೆ ಗಲಾಟೆಯಲ್ಲಿ ವಿಮಾನ ಹತ್ತಿ ಬಂದ ನನ್ನಂಥವರು ಸನ್ನಿವೇಲ್, ಸಾಂಟಾ ಕ್ಲಾರಾ ಕಡೆ ಬಾಡಿಗೆ ಮನೆ ಹುಡುಕುವ ಹೊತ್ತಿಗೆ ಮಾಂಟಾನಾ ಆಟ ಬಿಟ್ಟು ವರ್ಷಗಳೇ ಆಗಿದ್ದವು. ತಲೆಗೆ ಬಿದ್ದ ಪೆಟ್ಟುಗಳ ದೆಸೆಯಿಂದ ಯಂಗ್ ಕೂಡ 2000ದಲ್ಲಿ ನಿವೃತ್ತಿ ಘೋಷಿಸಿಬಿಟ್ಟ. ಹೀಗಾಗಿ ಇಬ್ಬರನ್ನೂ ನಾವು ಕಂಡವರಲ್ಲ. ನಮ್ಮ ವಾದ ಅಷ್ಟು ಬಿರುಸಾಗಿರುವುದು ಅದಕ್ಕೇ. 1975ರಲ್ಲಿ ಚೆಪಾಕ್‌ನಲ್ಲಿ ವಿಶ್ವನಾಥ್ ಹೊಡೆದ ಔಟಾಗದ 97ರ ಬಗ್ಗೆ, ಆಗಿನ್ನೂ ಹುಟ್ಟಿರದವರೂ ಸ್ಕ್ವೇರ್ ಕಟ್ ಯಾವ ಬೇಲಿಗೆ ಬಡಿಯಿತು ಎಂದು ಕೈ ಮಾಡಿ ತೋರಿಸುವುದಿಲ್ಲವೇ, ಹಾಗೆ.

ನನಗೆ ಖಾಯಂ ಎದುರಾಳಿ ಮೈಸೂರಿನ ಕಡೆಯ ಹಿರಿಯರೊಬ್ಬರು. ಎಂಬತ್ತರ ದಶಕದಲ್ಲೇ ಬಂದು ನೆಲೆಯೂರಿದವರು. ಮಾಂಟಾನಾನನ್ನು ಮೈದಾನದಲ್ಲಿ ಕೂತು ನೋಡಿದವರು. ಈ ಒಂದು ಕಾರಣಕ್ಕೆ ಅವರ ಮಾತಿನಲ್ಲಿ ಆರಂಭದಿಂದಲೇ ಒಂದು ಮುಗುಳ್ನಗೆ ಬೆರೆತಿರುತ್ತದೆ, ಮೈಯೆಲ್ಲ ಉರಿಯುವಂಥದ್ದು.

ಅವರ ಮೊದಲ ಸಾಕ್ಷಿ ಯಾವಾಗಲೂ 1982ರ ಜನವರಿ 10. ಕ್ಯಾಂಡಲ್‌ಸ್ಟಿಕ್ ಪಾರ್ಕ್, ಎದುರಿಗೆ ಡಲ್ಲಾಸ್ ಕೌಬಾಯ್ಸ್, ಗೆದ್ದವರು ಲೀಗಿನ ಫೈನಲ್ಲಾದ ಸೂಪರ್ ಬೌಲ್‌ಗೆ. ಫಾರ್ಟಿನೈನರ್ಸ್ 21, ಡಲ್ಲಾಸ್ 27, ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ಮಾಂಟಾನಾ ಬಲಕ್ಕೆ ಓಡುತ್ತಾನೆ, ಡಲ್ಲಾಸ್‌ನ ದೈತ್ಯರು ಅಟ್ಟಿಸಿಕೊಂಡು ಬರುತ್ತಾರೆ, ಇನ್ನೇನು ಗೆರೆ ದಾಟಿ ಹೊರಗೆ ಹೋದ ಅನ್ನುವಾಗ ಚೆಂಡನ್ನು ಎತ್ತರಕ್ಕೆ ಎಸೆಯುತ್ತಾನೆ. ನೋಡಿದವರಿಗೆ ಬೇಕೆಂದೇ ಆಚೆ ಬಿಸಾಡಿದ ಹಾಗೆ ಕಾಣುತ್ತದೆ. ಆದರೆ ಎದುರಾಳಿಯ ಕೊನೆಗೆರೆಯ ಆಚೆ, ಹಿಂಬದಿಯಲ್ಲಿ, ಸಂಗಡಿಗ ಡ್ವೈಟ್ ಕ್ಲಾರ್ಕ್ ಜಿಗಿದು ಬೆರಳ ತುದಿಯಲ್ಲಿ ಅದನ್ನು ಹಿಡಿದುಬಿಡುತ್ತಾನೆ. 28-27. ಅಮೆರಿಕದ ಫುಟ್‌ಬಾಲಿನಲ್ಲಿ ಈಗಲೂ ‘ದ ಕ್ಯಾಚ್’ ಎಂದರೆ ಇದೇ, ಬೇರೆ ವಿವರಣೆ ಬೇಡ. ತಮಾಷೆಯೆಂದರೆ ನೆಲಕ್ಕೆ ಬಿದ್ದಿದ್ದ ಮಾಂಟಾನಾ ಮಾತ್ರ ಅದನ್ನು ನೋಡಲಿಲ್ಲ. ಅವನಿಗೆ ಗೊತ್ತಾದದ್ದು ಜನರ ಕೂಗಿನಿಂದ.

ಆ ಮೈದಾನದಲ್ಲಿ ಅಂದು ಇದ್ದವರು 60 ಸಾವಿರ ಚಿಲ್ಲರೆ. ಆದರೆ ‘ನಾನೂ ಇದ್ದೆ’ ಅನ್ನುವವರನ್ನೆಲ್ಲ ಲೆಕ್ಕ ಹಿಡಿದರೆ ಕೊಲ್ಲಿಯ ಸುತ್ತಲಿನ ಊರುಗಳೆಲ್ಲ ಅಂದು ಮನೆಗೆ ಬೀಗ ಹಾಕಿಕೊಂಡು ಬಂದಿರಬೇಕು. ನಿಜವಾಗಿ ಇದ್ದವರಲ್ಲಿ ಸ್ಯಾನ್ ಮಟೇಯೊ ಊರಿನ ನಾಲ್ಕು ವರ್ಷದ ಒಬ್ಬ ಹುಡುಗನೂ ಸೇರಿದ್ದ. ಹೆಸರು ಟಾಮ್ ಬ್ರೇಡಿ. 2000ದಲ್ಲಿ ಹೊಸ ಆಟಗಾರರನ್ನು ಆರಿಸುವಾಗ ಅವನನ್ನು ಬಿಟ್ಟು ನಮ್ಮವರು ಬೇರೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಮೂರನೇ ಸುತ್ತಿನಲ್ಲೇ ತೆಗೆದುಕೊಂಡರು. 199ನೆಯವನಾಗಿ ನ್ಯೂ ಇಂಗ್ಲೆಂಡ್ ತಂಡದ ಪಾಲಾದ ಬ್ರೇಡಿ ಅಲ್ಲಿ ಆರು ಸೂಪರ್ ಬೌಲ್ ಗೆದ್ದ, ಆಮೇಲೆ ಟ್ಯಾಂಪಾದಲ್ಲಿ ಇನ್ನೊಂದು. ಈ ವಿಷಯ ಎದ್ದಾಗ ಮಾತ್ರ ಮಾಂಟಾನಾ ಪಂಗಡ, ಯಂಗ್ ಪಂಗಡ ಎರಡೂ ಒಟ್ಟಿಗೆ ಹಣೆ ಚಚ್ಚಿಕೊಳ್ಳುತ್ತವೆ.

‘ದ ಕ್ಯಾಚ್’ ಕತೆ ಮುಗಿಯುವುದನ್ನೇ ಕಾದು ನಾನು ನಮ್ಮದೇ ತಂಡದ ಎರಿಕ್ ರೈಟ್ ಹೆಸರು ತೆಗೆಯುತ್ತೇನೆ. ಕ್ಲಾರ್ಕ್ ಚೆಂಡು ಹಿಡಿದ ಮೇಲೂ ಆಟ ಮುಗಿದಿರಲಿಲ್ಲ. ಡಲ್ಲಾಸ್‌ನ ಡ್ರೂ ಪಿಯರ್ಸನ್ ಚೆಂಡು ಹಿಡಿದು ನಡುಗೆರೆ ದಾಟಿ ಓಡುತ್ತಿದ್ದ, ಮುಂದೆ ಬಯಲೋ ಬಯಲು. ರೈಟ್ ಹಿಂದಿನಿಂದ ಕೈ ಚಾಚಿ ಅವನ ಅಂಗಿ ಹಿಡಿದೆಳೆದು ಕೆಡವದಿದ್ದರೆ ಮಾಂಟಾನಾನ ಎಸೆತ ಸೋತ ಪಂದ್ಯದ ಒಂದು ಒಳ್ಳೆಯ ಎಸೆತವಾಗಿ ಉಳಿಯುತ್ತಿತ್ತು. ಹಿರಿಯರು ಇದನ್ನು ಒಪ್ಪುತ್ತಾರೆ. ಒಪ್ಪಿ, ಮಯಾಮಿಗೆ ಹೋಗುತ್ತಾರೆ.

ಮಯಾಮಿಯ ಕತೆಗೆ ನನ್ನ ಬಳಿ ಉತ್ತರ ಇಲ್ಲ. 1989ರ ಜನವರಿ, ಸಿನ್ಸಿನಾಟಿ ಎದುರು ಸೂಪರ್ ಬೌಲ್. ಮೂರು ನಿಮಿಷ ಚಿಲ್ಲರೆ ಉಳಿದಿದೆ, 16-13ರಿಂದ ಹಿಂದೆ ಬಿದ್ದಿದ್ದಾರೆ, ಹೋಗಬೇಕಾದ ದೂರ 92 ಗಜ. ಸುತ್ತ ನಿಂತ ಸಂಗಡಿಗರ ಮುಖಗಳು ಬಿಗಿದುಕೊಂಡಿವೆ. ಮಾಂಟಾನಾ ಪ್ರೇಕ್ಷಕರ ಕಡೆ ನೋಡಿ, ಅಲ್ಲಿ ನಿಂತಿರುವುದು ಹಾಸ್ಯನಟ ಜಾನ್ ಕ್ಯಾಂಡಿ ಅಲ್ಲವೇ ಎಂದು ಕೇಳಿದನಂತೆ. ಕೇಳಿ, ಆಮೇಲೆ ಹತ್ತತ್ತು ಗಜವಾಗಿ ಇಡೀ ಮೈದಾನ ದಾಟಿಸಿ, ಇನ್ನೂ 34 ಸೆಕೆಂಡು ಉಳಿದಿರುವಾಗ ಜಾನ್ ಟೇಲರ್‌ಗೆ ಚೆಂಡು ಕೊಟ್ಟು ಗೆಲ್ಲಿಸಿದ. ನನಗಾಗಿದ್ದರೆ ಆ ಹೊತ್ತಿನಲ್ಲಿ ಜಾನ್ ಕ್ಯಾಂಡಿ ಬಂದು ತೊಡೆಯ ಮೇಲೆ ಕೂತಿದ್ದರೂ ಗೊತ್ತಾಗುತ್ತಿರಲಿಲ್ಲ. ಮಾಂಟಾನಾ ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕನ್ನೂ ಗೆದ್ದವನು, ಆ ನಾಲ್ಕರಲ್ಲಿ ಒಂದೇ ಒಂದು ಎಸೆತವೂ ಎದುರಾಳಿಯ ಕೈಗೆ ಹೋಗಲಿಲ್ಲ. ಇದಕ್ಕೂ ಉತ್ತರ ಇಲ್ಲ. ಆದ್ದರಿಂದ ನಾನು ಮೊಬೈಲು ತೆಗೆಯುತ್ತೇನೆ.

ಕ್ವಾರ್ಟರ್‌ಬ್ಯಾಕ್‌ಗಳನ್ನು ಅಳೆಯಲು ‘ಪಾಸರ್ ರೇಟಿಂಗ್’ ಎಂಬ ಸಂಖ್ಯೆಯೊಂದಿದೆ. ಎಸೆದದ್ದರಲ್ಲಿ ಎಷ್ಟು ತಲುಪಿತು, ಎಷ್ಟು ಗಜ ಬಂತು, ಎಷ್ಟು ಟಚ್‌ಡೌನ್ (ಅಂದರೆ ಚೆಂಡು ಎದುರಾಳಿಯ ಕೊನೆಗೆರೆ ದಾಟಿದ್ದು), ಎಷ್ಟು ಎದುರಾಳಿಯ ಪಾಲು, ಇವನ್ನೆಲ್ಲ ಕಲಸಿ ಹಿಂಡಿದರೆ ಅದು ಬರುತ್ತದೆ. ಇದರಲ್ಲಿ ಗರಿಷ್ಠ ಅಂಕ ನೂರಲ್ಲ, 158.3. ಯಾಕೆ ಹಾಗೆ ಎಂದು ಕೇಳಬಾರದು; ಸರಕಾರಿ ತುಟ್ಟಿಭತ್ಯೆಯ ಲೆಕ್ಕ ಇದಕ್ಕಿಂತ ಬೇಗ ಅರ್ಥವಾಗುತ್ತದೆ. ಅದೇನೇ ಇರಲಿ, ಇಡೀ ವೃತ್ತಿಜೀವನಕ್ಕೆ ಮಾಂಟಾನಾನದು 92.3, ಯಂಗ್‌ನದು 96.8. ಆಟ ಬಿಡುವಾಗ ಅಷ್ಟು ಎತ್ತರದಲ್ಲಿ ಇನ್ನೊಬ್ಬನಿರಲಿಲ್ಲ. ಮತ್ತು ಈ ಲೆಕ್ಕದಲ್ಲಿ ಓಟ ಸೇರುವುದೇ ಇಲ್ಲ. ಓಡಿಯೇ 43 ಟಚ್‌ಡೌನ್ ಗಳಿಸಿದ ಎಡಗೈಯವನಿಗೆ ಅದು ಅನ್ಯಾಯ ಎನ್ನುವುದು ನನ್ನ ಅಧಿಕೃತ ನಿಲುವು.

ಯಂಗ್‌ನ ನಿಜವಾದ ಕಷ್ಟ ಬೇರೆಯೇ. 1987ರಲ್ಲಿ ಟ್ಯಾಂಪಾದಿಂದ ಬಂದವನು ನಾಲ್ಕು ವರ್ಷ ಮಾಂಟಾನಾನ ಹಿಂದೆ ಕಾದ. ಕಾಯುವವನ ಮೇಲೆ ಯಾರಿಗೂ ಪ್ರೀತಿ ಹುಟ್ಟುವುದಿಲ್ಲ. ಮೊದಲನೆಯವನು ಬೀಳಲಿ ಎಂದೇ ಕೂತಿದ್ದಾನೆ ಅನಿಸುತ್ತದೆ. 1988ರ ಜನವರಿಯಲ್ಲಿ ಮಿನೆಸೋಟ ಎದುರು ತವರಿನಲ್ಲೇ ತಂಡ ಮುಗ್ಗರಿಸಿದಾಗ ಕೋಚ್ ಬಿಲ್ ವಾಲ್ಷ್ ನಡುವೆಯೇ ಮಾಂಟಾನಾನನ್ನು ಎಬ್ಬಿಸಿ ಯಂಗ್‌ನನ್ನು ಇಳಿಸಿದ್ದ. ಆ ಪಂದ್ಯ ಸೋತರು. ವಾದ ಹುಟ್ಟಿದ್ದು ಅಂದು. 1991ರ ಹಂಗಾಮಿನ ಹೊತ್ತಿಗೆ ಮಾಂಟಾನಾನ ಮೊಣಕೈ ಕೈಕೊಟ್ಟು, ಯಂಗ್ ಆಡತೊಡಗಿ, 1992ರಲ್ಲಿ ಇಡೀ ಲೀಗ್‌ನ ಶ್ರೇಷ್ಠ ಆಟಗಾರನಾದ. 1993ರಲ್ಲಿ ಮಾಂಟಾನಾ ಕ್ಯಾನ್ಸಸ್ ಸಿಟಿ ತಂಡಕ್ಕೆ ಹೋದ. ಊರಿನ ಸಿಟ್ಟೆಲ್ಲ, ಕಳಿಸಿದವರನ್ನು ಬಿಟ್ಟು, ಯಂಗ್ ಮೇಲೆ ತಿರುಗಿತು.

ಈ ಇಬ್ಬರ ಗದ್ದಲದಲ್ಲಿ ಮೂರನೆಯವನ ಮಾತು ಯಾರೂ ಎತ್ತುವುದಿಲ್ಲ. ಜಾನ್ ಬ್ರೋಡಿ 1957ರಿಂದ 1973ರವರೆಗೆ 17 ಹಂಗಾಮು ಇದೊಂದೇ ತಂಡಕ್ಕೆ ಆಡಿದ, 1970ರಲ್ಲಿ ಲೀಗ್‌ಗೇ ಶ್ರೇಷ್ಠನೆನಿಸಿದ, ಸಾಲಾಗಿ ಮೂರು ವರ್ಷ ಡಲ್ಲಾಸ್ ಕೈಯಲ್ಲೇ ಸೋತು ಹೊರಬಿದ್ದ, ತವರಿನ ಜನರಿಂದಲೇ ಬೇಕಾದಷ್ಟು ಉಗಿಸಿಕೊಂಡ. ಅವನಿಗೂ ಮುಂಚಿನ ವೈ.ಎ. ಟಿಟ್ಲ್ ಚೆಂಡನ್ನು ಆಕಾಶಕ್ಕೆ ಎಸೆದು, ಆರ್.ಸಿ. ಓವೆನ್ಸ್ ಎಲ್ಲರ ತಲೆಯ ಮೇಲೆ ನೆಗೆದು ಹಿಡಿಯುವ ‘ಆಲಿ ಊಪ್’ ಎಂಬ ತಮಾಷೆಯನ್ನು 1957ರಲ್ಲೇ ಆಡಿ ತೋರಿಸಿದ್ದ. ಇನ್ನು ಈಚಿನವರ ಕತೆ ಹೇಳುವುದೇ ಬೇಡ: 2021ರಲ್ಲಿ ಟ್ರೇ ಲ್ಯಾನ್ಸ್‌ನನ್ನು ಮೂರನೆಯವನಾಗಿ ಆರಿಸಿಕೊಳ್ಳಲು ತಂಡ ರಾಶಿ ಬೆಲೆ ತೆತ್ತಿತು, ಮರುವರ್ಷ 262ನೆಯವನಾಗಿ, ಪಟ್ಟಿಯ ಕಟ್ಟಕಡೆಗೆ ಸಿಕ್ಕಿದ ಬ್ರಾಕ್ ಪರ್ಡಿ 2024ರಲ್ಲಿ ಸೂಪರ್ ಬೌಲ್‌ವರೆಗೆ ಕರೆದೊಯ್ದ. ಅಲ್ಲಿ ಸೋತರು. ನನ್ನ ಮಟ್ಟಿಗೆ ಮೂರನೇ ಸ್ಥಾನ ಬ್ರೋಡಿಯದೇ, ಪರ್ಡಿ ಇನ್ನೂ ಸಾಲಿನಲ್ಲಿ ನಿಂತಿರಲಿ.

ಮಾಂಟಾನಾ, ಯಂಗ್ ಇಬ್ಬರೂ ಎದುರುಬದುರು ನಿಂತದ್ದು 1994ರ ಸೆಪ್ಟೆಂಬರ್ 11ರಂದು, ಕ್ಯಾನ್ಸಸ್ ಸಿಟಿಯಲ್ಲಿ. ಮಾಂಟಾನಾಗೆ ಆಗ 38 ವರ್ಷ. ಯಂಗ್ ಬಳಿ ಅದೇ ವರ್ಷ ಓದಿ ಮುಗಿಸಿದ ಕಾನೂನು ಪದವಿಯೂ ಇತ್ತು. ಕಾನೂನು ಉಪಯೋಗಕ್ಕೆ ಬರಲಿಲ್ಲ. ಯಂಗ್ ಮತ್ತೆ ಮತ್ತೆ ನೆಲ ಕಚ್ಚಿದ, ಮಾಂಟಾನಾ ಎರಡು ಟಚ್‌ಡೌನ್ ಎಸೆದ, 24-17. ಹಿರಿಯರಿಗೆ ಇದು ಸುಪ್ರೀಂ ಕೋರ್ಟ್ ತೀರ್ಪು. ಆದರೆ ಅದೇ ಹಂಗಾಮಿನ ಕೊನೆಗೆ, 1995ರ ಜನವರಿಯಲ್ಲಿ, ಸ್ಯಾನ್ ಡಿಯೇಗೊ ಚಾರ್ಜರ್ಸ್ ಎದುರು ಯಂಗ್ ಆರು ಟಚ್‌ಡೌನ್ ಎಸೆದು 49-26ರಿಂದ ಸೂಪರ್ ಬೌಲ್ ಗೆದ್ದ. ಬೆನ್ನ ಮೇಲಿನ ಬೇತಾಳವನ್ನು ಇಳಿಸಿ ಎಂದು ಮೈದಾನದ ಪಕ್ಕದಲ್ಲೇ ನಿಂತು ಬೇಡಿಕೊಂಡ, ಸಂಗಡಿಗನೊಬ್ಬ ಇಳಿಸುವ ಅಭಿನಯವನ್ನೂ ಮಾಡಿದ.

“ಎದುರಿಗೆ ಯಾರಯ್ಯಾ ಇದ್ದದ್ದು? ಚಾರ್ಜರ್ಸ್! ಅದೂ ಒಂದು ಫೈನಲ್ಲೇ?” ಎನ್ನುತ್ತಾರೆ ಹಿರಿಯರು.

“1990ರಲ್ಲಿ ಡೆನ್ವರ್ ಮೇಲೆ 55-10 ಹೊಡೆದದ್ದು ಮಾತ್ರ ಭಾರೀ ಫೈನಲ್ಲಾ ಸಾರ್?”

“ಅವತ್ತು ನಮ್ಮವನು ಐದು ಎಸೆದ. ಸೂಪರ್ ಬೌಲ್ ದಾಖಲೆ.”

“ಯಂಗ್ ಆರು ಎಸೆದ. ಆ ದಾಖಲೆ ಮುರಿದ.”

“ಸರಿ ಮಾರಾಯ, ಮುರಿಯೋದಕ್ಕೆ ಅಂತ ಒಂದು ದಾಖಲೆ ಮಾಡಿಟ್ಟವನು ಯಾರು?”