ಶಾಲು ನನಗೆ, ಭಾಷೆ ಅಣ್ಣನದು

ಹೋದ ವರ್ಷ ಸೆಪ್ಟೆಂಬರ್ 23ರಂದು ನನಗೊಂದು ಸನ್ಮಾನವಾಯಿತು. ಕಲಬುರಗಿಯ ಒಂದು ಸಭಾಂಗಣ, ವೇದಿಕೆಯ ಹಿಂದೆ ‘ಅಂತರರಾಷ್ಟ್ರೀಯ ಸಂಜ್ಞಾ ಭಾಷಾ ದಿನ’ ಎಂಬ ದೊಡ್ಡ ಬ್ಯಾನರ್, ಅದರ ಮೂಲೆಯಲ್ಲಿ ನನ್ನ ಫೋಟೊ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ‘ಕಿವುಡರ ದನಿಯಾದ ಯುವತಿ’ ಎಂದು ನಿರೂಪಕರು ಹೇಳಿದಾಗ ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿದ್ದ ಅಣ್ಣ ಮತ್ತು ಅವನ ಗೆಳೆಯರು ಅಕ್ಕಪಕ್ಕದವರ ಕೈ ನೋಡಿ, ಇದು ಚಪ್ಪಾಳೆಯ ಹೊತ್ತು ಎಂದು ತಿಳಿದು, ತಮ್ಮ ಪದ್ಧತಿಯಂತೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು.

ಆ ಕಾರ್ಯಕ್ರಮ ಪ್ರಾರ್ಥನಾ ಗೀತೆಯಿಂದ ಶುರುವಾಗಿತ್ತು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟಕರ ನುಡಿ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷೀಯ ನುಡಿ. ಒಟ್ಟು ಒಂದೂವರೆ ತಾಸು. ಅಷ್ಟನ್ನೂ ಸನ್ನೆಗೆ ತಿರುಗಿಸಿ ಹೇಳಬೇಕಾದವಳು ನಾನು. ಆದರೆ ನಾನು ಸನ್ಮಾನಿತೆ, ವೇದಿಕೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೈಕಟ್ಟಿ ಕುಳಿತಿದ್ದೆ. ಇನ್ನೊಬ್ಬ ದುಭಾಷಿಯನ್ನು ಕರೆಸಬೇಕೆಂದು ಸಂಘಟಕರಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ವಾಪಸು ಬರುವಾಗ ಬೈಕ್ ಓಡಿಸಿದವನು ಅಣ್ಣ. (ಕಿವುಡರಿಗೆ ಡ್ರೈವಿಂಗ್ ಲೈಸೆನ್ಸ್ ಕೊಡುತ್ತಾರೆಯೇ ಎಂದು ಕೇಳುವವರಿಗೆ: ಕೊಡುತ್ತಾರೆ, ಅವನ ಹತ್ತಿರ ಇದೆ.) ಬೈಕ್ ಓಡುತ್ತಿರುವಾಗ ಅವನು ಮಾತಾಡುವಂತಿಲ್ಲ, ಎರಡೂ ಕೈ ಹ್ಯಾಂಡಲ್ ಮೇಲೆ. ಹಾಗಾಗಿ ನಮ್ಮಿಬ್ಬರ ಮಾತುಕತೆಯೆಲ್ಲ ಕೆಂಪು ದೀಪದಲ್ಲಿ. ಊರಿಗೆಲ್ಲ ಸಿಗ್ನಲ್ ಎಂದರೆ ಕಿರಿಕಿರಿ, ನಮಗೆ ಸುಗ್ಗಿ. ಜಗತ್ ವೃತ್ತದಲ್ಲಿ ದೀಪ ಕೆಂಪಾಯಿತು. ಅವನು ತಿರುಗಿ ಕೇಳಿದ, ‘ಅವರೆಲ್ಲ ಹೇಳಿದ್ದು ಏನು?’

‘ನಿಮ್ಮ ಬಗ್ಗೆ ಒಳ್ಳೆಯದನ್ನೇ ಹೇಳಿದರು.’

‘ಒಳ್ಳೆಯದು ಏನು?’

ನೆನಪಿಸಿಕೊಂಡೆ. ‘ನೀವು ದೇವರ ಮಕ್ಕಳಂತೆ.’

ಅವನು ನಕ್ಕ. ‘ಹಾಗಾದರೆ ಮನೆಯಲ್ಲಿರುವ ಅಪ್ಪ ಅವ್ವ ಯಾರು?’

ದೀಪ ಹಸಿರಾಗಿತ್ತು. ಹಿಂದಿನ ಆಟೊದವನ ಹಾರ್ನ್ ಅವನಿಗೆಲ್ಲಿ ಕೇಳಬೇಕು, ನಾನು ಭುಜ ತಟ್ಟಿದೆ. ಮುಂದಿನ ಸಿಗ್ನಲ್‌ನಲ್ಲಿ ಮತ್ತೆ ತಿರುಗಿದ. ಈ ಸಲ ನಗು ಇರಲಿಲ್ಲ. ನನ್ನ ಹೆಗಲ ಮೇಲಿನ ಶಾಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ಇದು ನಿನಗೆ ಯಾಕೆ? ನೀನು ಕಿವುಡಳಾ?’ ಎಂದ.

ಆ ಶಾಲು ಇವತ್ತಿಗೂ ಟ್ರಂಕಿನಲ್ಲಿದೆ. ವರ್ಷವಿಡೀ ಆ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗಿದ್ದೇನೆ. ಅದಕ್ಕೇ ಈ ಉದ್ದದ ಬರಹ. ವ್ಯವಧಾನ ಇದ್ದವರು ಓದಿ.

ನಮ್ಮ ಊರಿನ ಬಗ್ಗೆ ನನಗೊಂದು ಹೆಮ್ಮೆ ಇದೆ. ಸೂಪರ್ ಮಾರ್ಕೆಟ್ ಕಡೆ ನಾನು ಕಾಯಿಪಲ್ಯ ಕೊಳ್ಳುವ ಅಜ್ಜಿ ನನ್ನ ಜೊತೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಾಳೆ. ಪಕ್ಕದ ಬುರ್ಖಾದ ಅಕ್ಕನ ಜೊತೆ ದಖನಿ, ಸೊಲ್ಲಾಪುರದಿಂದ ಬಂದವರ ಜೊತೆ ಮರಾಠಿ, ತಾಂಡೂರಿನ ಕಡೆಯವರು ಬಂದರೆ ತೆಲುಗು. ಸಹಿ ಹಾಕಲು ಬಾರದ ಅಜ್ಜಿ ಈ ನಾಲ್ಕನ್ನೂ ಯಾವ ಕ್ಲಾಸಿಗೆ ಹೋಗಿ ಕಲಿತಳು? ಗಿರಾಕಿ ಎದುರು ಬಂದು ನಿಂತ, ಭಾಷೆ ಬಂತು. ಕಲಬುರಗಿ ಇರಲಿ, ಬೀದರ್ ಇರಲಿ, ಯಾದಗಿರಿ ಇರಲಿ, ನಮ್ಮ ಕಡೆ ಜನ ಭಾಷೆ ಕಲಿಯುವುದು ಹೀಗೆಯೇ, ತಕ್ಕಡಿಯ ಮುಂದೆ ನಿಂತು.

ಆದರೆ ಅದೇ ತಕ್ಕಡಿಯ ಮುಂದೆ ನನ್ನ ಅಣ್ಣ ಇಪ್ಪತ್ತು ವರ್ಷದಿಂದ ನಿಲ್ಲುತ್ತಿದ್ದಾನೆ. ಅವನ ಒಂದು ಶಬ್ದವೂ ಯಾರಿಗೂ ಬರುವುದಿಲ್ಲ. ಅವನೇ ಬೆರಳು ತೋರಿಸಬೇಕು, ಅವನೇ ಮೊಬೈಲಿನಲ್ಲಿ ಅಂಕಿ ಒತ್ತಿ ಹಿಡಿಯಬೇಕು, ಅವನೇ ತುಟಿ ಓದಲು ಹೆಣಗಬೇಕು. ಐದನೆಯ ಭಾಷೆಗೆ ಬಂದಾಗ ಮಾತ್ರ ನಮ್ಮ ನಾಲಿಗೆ ಮೊಂಡಾಗುವುದು ಯಾಕೆ? ಉತ್ತರ ಅಷ್ಟು ಕಷ್ಟದ್ದಲ್ಲ. ಅದನ್ನು ನಾವು ಭಾಷೆ ಎಂದುಕೊಂಡೇ ಇಲ್ಲ. ‘ಪಾಪ, ಮೂಗ, ಏನೋ ಕೈ ಆಡಿಸುತ್ತಾನೆ’ ಎಂದುಕೊಂಡಿದ್ದೇವೆ.

‘ಮೂಗ ಕಂಡ ಕನಸಿನಂತೆ’ ಎಂಬ ಮಾತು ನಮ್ಮಲ್ಲಿದೆ. ಕಂಡದ್ದನ್ನು ಹೇಳಲಾಗದ ಸ್ಥಿತಿ ಎಂದು ಅರ್ಥ. ಈ ಮಾತು ಕಟ್ಟಿದವರು ನಮ್ಮ ಮನೆಗೆ ಬೆಳಿಗ್ಗೆ ಚಹದ ಹೊತ್ತಿಗೆ ಬರಬೇಕಿತ್ತು. ಅಣ್ಣನಿಗೆ ದಿನಾ ಒಂದು ಕನಸು ಬೀಳುತ್ತದೆ, ದಿನಾ ಹೇಳುತ್ತಾನೆ. ಹೋದ ವಾರದ ಕನಸಿನಲ್ಲಿ ನಮ್ಮೂರಿನ ‘ಅಪ್ಪನ ಕೆರೆ’ಯ ನೀರೆಲ್ಲ ಬತ್ತಿ, ತಳದಲ್ಲಿ ಶರಣಬಸವೇಶ್ವರ ಜಾತ್ರೆಯ ತೇರು ಸಿಕ್ಕಿಹಾಕಿಕೊಂಡಿತ್ತು. ಎಡಗೈ ತೇರು, ಬಲಗೈ ಬೆರಳುಗಳು ಎಳೆಯುವ ಜನ, ಕೆನ್ನೆ ಉಬ್ಬಿಸಿದರೆ ಭಾರ, ಕಣ್ಣು ಕಿರಿದು ಮಾಡಿದರೆ ದೂರ. ಎಳೆಯುವವರಲ್ಲಿ ಒಬ್ಬನ ಧೋತರ ಜಾರಿದ್ದನ್ನೂ ಬಿಡಲಿಲ್ಲ. ಬಾಯಿಂದ ಹೇಳಿದರೆ ನನಗೆ ಇದಕ್ಕೆ ಹತ್ತು ವಾಕ್ಯ ಬೇಕಾದವು, ಅವನಿಗೆ ಒಂದು ಗುಟುಕು ಚಹ ಆರುವಷ್ಟು ಹೊತ್ತು ಸಾಕಾಯಿತು.

ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣ ಇದೆ. ನಮಗೆ ಖುಷಿ ಕೊಡುವ ಸಂಗತಿ ಎಂದರೆ ಅದರ ನಡೆ ಇಂಗ್ಲಿಷಿಗಿಂತ ಕನ್ನಡಕ್ಕೆ ಹತ್ತಿರ. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ. ‘ನಿನ್ನ ಹೆಸರು ಏನು’ ಎಂದು ನಾವು ಕೇಳುವ ಹಾಗೆಯೇ ಅಲ್ಲಿಯೂ ನೀನು, ಹೆಸರು, ಕೊನೆಗೆ ಏನು. ‘ಅವರು ನಮ್ಮ ಮಾಸ್ತರರು’ ಎನ್ನುವಾಗ ನಾವು ನಡುವೆ ಯಾವ ಕ್ರಿಯಾಪದವನ್ನೂ ತುರುಕುವುದಿಲ್ಲ, ಸನ್ನೆಯಲ್ಲಿ ಮಾತಾಡುವವರೂ ತುರುಕುವುದಿಲ್ಲ. ಹೌದು ಅಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ಹುಬ್ಬು ಮೇಲೇರುತ್ತದೆ. ಹುಬ್ಬು ಏರಿಸದೆ ‘ಚಹ ಕುಡಿದೆಯಾ’ ಎಂದು ಕೇಳಿದರೆ ‘ಚಹ ಕುಡಿದೆ’ ಎಂದಾಗುತ್ತದೆ. ನಮ್ಮ ‘ಆ’ಕಾರದ ಕೆಲಸವನ್ನು ಅಲ್ಲಿ ಹುಬ್ಬು ಮಾಡುತ್ತದೆ.

ದೆಹಲಿಯಲ್ಲಿ ಇದಕ್ಕೆಂದೇ 2015ರಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಹೊರಟು 2021ಕ್ಕೆ 10,000 ಮುಟ್ಟಿದೆ, ವಿಡಿಯೊಗಳು ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ ಎಂಬುದರ ಅರ್ಥದೊಳಗೆ ಸನ್ನೆಯನ್ನೂ ಸೇರಿಸಿದೆ. 2023ರಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ದುಭಾಷಿಯೊಂದಿಗೆ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಹಾಜರಾದರು. ಸುಪ್ರೀಂ ಕೋರ್ಟಿನವರೆಗೆ ಮುಟ್ಟಿದ ಭಾಷೆ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಮುಟ್ಟಿಲ್ಲ.

‘ಬರೆದು ತೋರಿಸಿದರೆ ಆಯಿತಲ್ಲ’ ಎನ್ನುವವರು ಇರುತ್ತಾರೆ. ಎರಡು ವರ್ಷದ ಹಿಂದೆ ನಡುರಾತ್ರಿ ಅಣ್ಣನಿಗೆ ಹೊಟ್ಟೆನೋವು ಬಂದಾಗ ಒಂದು ಆಸ್ಪತ್ರೆಯಲ್ಲಿ ಹಾಗೆಯೇ ಆಯಿತು. ನಾನು ಪರೀಕ್ಷೆ ಬರೆಯಲು ಬೀದರಿಗೆ ಹೋಗಿದ್ದೆ. ಅವನ ಕೈಗೆ ಚೀಟಿ ಕೊಟ್ಟರು, ಅದರಲ್ಲಿ ಇಂಗ್ಲಿಷಿನಲ್ಲಿ ಐದು ಪ್ರಶ್ನೆ. ಅವನು ಕನ್ನಡದಲ್ಲಿ ‘ನೋವು ಇಲ್ಲಿ ನಿನ್ನೆ ಇಲ್ಲ ಇಂದು’ ಎಂದು ಬರೆದ. ನಿನ್ನೆ ಇರಲಿಲ್ಲ, ಇವತ್ತು ಶುರುವಾಯಿತು ಎಂದು ಅವನ ಅರ್ಥ. ನಿನ್ನೆ ಇತ್ತು, ಇವತ್ತು ಇಲ್ಲ ಎಂದು ಓದಿಕೊಂಡು ಒಂದು ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಬೆಳಗಿನ ಜಾವ ಮತ್ತೆ ಓಡಬೇಕಾಯಿತು. ಬೆಳಿಗ್ಗೆ ನಾನು ಬಂದ ಮೇಲೆ ಡಾಕ್ಟರು ಅಣ್ಣನತ್ತ ನೋಡಲೇ ಇಲ್ಲ. ‘ಇವನಿಗೆ ಎಲ್ಲಿ ನೋವು?’ ಎಂದು ನನ್ನನ್ನು ಕೇಳಿದರು. ಮಂಚದ ಮೇಲೆ ಮಲಗಿದವನಿಗೆ ಮೂವತ್ತು ವರ್ಷ, ನನಗೆ ಆಗ ಇಪ್ಪತ್ತೊಂದು.

ಹುಟ್ಟಿನಿಂದ ಕಿವಿ ಕೇಳದವರಿಗೆ ಕನ್ನಡ ಎರಡನೆಯ ಭಾಷೆ. ಅದನ್ನು ಅವರು ಒಮ್ಮೆಯೂ ಕೇಳದೆ ಕಣ್ಣಿನಿಂದ ಮಾತ್ರ ಕಲಿಯುತ್ತಾರೆ. ಮೊದಲ ಭಾಷೆಯನ್ನಾದರೂ ಹೊತ್ತಿಗೆ ಸರಿಯಾಗಿ ಕೊಟ್ಟೆವೇ? ಬಹುಪಾಲು ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವವರ ಮನೆಯಲ್ಲಿ, ಮನೆಯವರಿಗೆ ಸನ್ನೆ ಬಾರದು. ಶಾಲೆಯಲ್ಲಿ ಅಣ್ಣನ ತುಟಿಯ ಮುಂದೆ ಕಾಗದದ ಚೂರು ಹಿಡಿದು ‘ಪ’ ಹೇಳಿಸುತ್ತಿದ್ದರು, ಕಾಗದ ಅಲ್ಲಾಡಿದರೆ ಸರಿ. ಕೈ ಎತ್ತಿದರೆ ಕೈಗೇ ಏಟು. ಈ ಹಠಕ್ಕೆ ಹಳೆಯ ಬೇರು ಇದೆ: 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೊಂದು ಕಿವುಡರ ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಬೇಕು ಎಂದು ನಿರ್ಣಯಿಸಿತು. ಅಲ್ಲಿಯ ನಿರ್ಣಯದ ಏಟು ನೂರು ವರ್ಷ ದಾಟಿ ಬಂದು ನಮ್ಮ ಹುಡುಗನ ಬೆರಳ ಗಂಟಿನ ಮೇಲೆ ಬಿತ್ತು. ಅಣ್ಣ ನಿಜವಾಗಿ ಭಾಷೆ ಕಲಿತದ್ದು ಹಾಸ್ಟೆಲಿನಲ್ಲಿ, ರಾತ್ರಿ ಊಟವಾದ ಮೇಲೆ ವರಾಂಡದ ಒಂದೇ ಬಲ್ಬಿನ ಕೆಳಗೆ, ದೊಡ್ಡ ಹುಡುಗರಿಂದ. ಶ್ರವಣ ಯಂತ್ರ, ಆಪರೇಶನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಡ ಎನ್ನುವವಳಲ್ಲ ನಾನು. ಚಿಕ್ಕ ವಯಸ್ಸಿನಲ್ಲೇ ಸಿಕ್ಕವರಿಗೆ ಅದರಿಂದ ಉಪಯೋಗ ಇದೆ. ಆದರೆ ಕಿವಿ ಬರುವವರೆಗೆ ಭಾಷೆ ಕೊಡದೆ ಕಾಯುವುದು ಅನ್ಯಾಯ.

ನಮ್ಮ ಮನೆಯದೂ ಹೇಳುತ್ತೇನೆ. ಅವ್ವ ರೊಟ್ಟಿ ಬಡಿಯುವಾಗ ಎರಡೂ ಕೈ ಹಿಟ್ಟಿನಲ್ಲಿ, ಮಾತಾಡಲು ಬಾರದು. ಅಣ್ಣ ‘ಇನ್ನು ಎಷ್ಟು’ ಎಂದು ಕೇಳಿದರೆ ಗಲ್ಲವನ್ನು ಹಿಟ್ಟು ನಾದುವ ಕೊಣಮಿಗೆಯ ಕಡೆ ತೋರಿಸಿ ಹುಬ್ಬು ಏರಿಸುತ್ತಾಳೆ, ಅವನಿಗೆ ತಿಳಿಯುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದರೆ ನಾವೆಲ್ಲ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಹರಟುತ್ತಿದ್ದೆವು, ಅಣ್ಣ ಮಾತ್ರ ಗೋಡೆಗೆ ಒರಗಿ ಕುಳಿತಿರುತ್ತಿದ್ದ. ಬೇಗ ನಿದ್ದೆ ಬರುತ್ತದೇನೋ ಎಂದುಕೊಂಡಿದ್ದೆವು. ಕತ್ತಲಾದರೆ ಅವನ ಪಾಲಿನ ಮಾತು ನಿಂತುಹೋಗುತ್ತದೆ ಎಂಬುದು ನನಗೆ ಹೊಳೆದದ್ದು ಒಂದು ಹುಣ್ಣಿಮೆಯ ರಾತ್ರಿ, ಅವನು ಸರಿರಾತ್ರಿಯವರೆಗೆ ಹರಟಿದಾಗ. ಆಮೇಲಿಂದ ಮಾಳಿಗೆಗೆ ಹೋಗುವಾಗ ಬ್ಯಾಟರಿ ಲೈಟು ಒಯ್ಯುತ್ತೇವೆ.

ಆ ಶಾಲಿನ ಪ್ರಶ್ನೆಯ ನಂತರ ನಾನು ವೇದಿಕೆ ಬಿಟ್ಟೆ. ಭಾನುವಾರ ಅಣ್ಣ, ಅವನ ಇಬ್ಬರು ಗೆಳೆಯರು, ನಾನು ಒಂದು ಅಂಗಡಿಗೆ ಹೋಗುತ್ತೇವೆ. ಕಲಿಸುವವನು ಅಣ್ಣ, ನನ್ನ ಬಾಯಿ ಬಂದ್. ಹತ್ತೇ ಸನ್ನೆ, ಆ ಅಂಗಡಿಗೆ ಬೇಕಾದವು ಮಾತ್ರ. ಕಿರಾಣಿಯವರಿಗೆ ತೊಗರಿಬೇಳೆ, ಎಣ್ಣೆ, ಎಷ್ಟು, ಚಿಲ್ಲರೆ, ಉದ್ರಿ ಇಲ್ಲ. (‘ಉದ್ರಿ ಇಲ್ಲ’ ಎಂಬುದನ್ನು ಎಲ್ಲರೂ ಒಂದೇ ಸಲಕ್ಕೆ ಕಲಿಯುತ್ತಾರೆ.) ಒಂದು ಊರಿನ ಸನ್ನೆಗೂ ಇನ್ನೊಂದು ಊರಿನ ಸನ್ನೆಗೂ ಪದಗಳಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ಅಣ್ಣನ ಗುಂಪಿನಲ್ಲಿ ಕಲಬುರಗಿಗೆ ತೊಗರಿಯ ಕಾಳನ್ನು ಬೆರಳಲ್ಲಿ ಹಿಸುಕಿ ಇಬ್ಭಾಗ ಮಾಡಿದಂತೆ ತೋರಿಸುತ್ತಾರೆ. ನನಗೂ ಒಂದು ಸನ್ನೆ ಹೆಸರು ಕೊಟ್ಟಿದ್ದಾರೆ, ಕಿವಿಯ ಹಿಂದೆ ಕೂದಲು ಸಿಗಿಸಿಕೊಳ್ಳುವುದು. ಅವರು ಕೊಟ್ಟ ಈ ಹೆಸರನ್ನು ಆ ಶಾಲಿನ ಪಕ್ಕ ಇಟ್ಟು ತೂಗಲಾರೆ.

ಹೋದ ಅಂಗಡಿಯಲ್ಲೆಲ್ಲ ಕಲಿತರು ಎಂದಲ್ಲ. ಒಬ್ಬರು ‘ಕಿವುಡರು ತಿಂಗಳಿಗೆ ಒಬ್ಬರು ಬಂದರೆ ಹೆಚ್ಚು, ಅದಕ್ಕೆಲ್ಲ ಯಾರು ಕಲಿಯುತ್ತಾರೆ?’ ಎಂದರು. 2011ರ ಜನಗಣತಿಯಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಶ್ರವಣದೋಷ ಉಳ್ಳವರು ಎಂದು ದಾಖಲಾಗಿದೆ. ನಿಮ್ಮ ಅಂಗಡಿಗೆ ಬರುವುದಿಲ್ಲವೆಂದರೆ ಅವರು ಇಲ್ಲವೆಂದಲ್ಲ, ಬಂದು ಬೇಸತ್ತು ಬಿಟ್ಟಿದ್ದಾರೆ, ಅಥವಾ ನನ್ನಂಥ ತಂಗಿಯನ್ನು ಕಳಿಸುತ್ತಿದ್ದಾರೆ ಎಂದರ್ಥ. ಈ ಬಾರಿ ಸೆಪ್ಟೆಂಬರಿಗೂ ಒಂದು ಕರೆ ಬಂದಿದೆ. ಕರೆದವರಿಗೆ ಎರಡು ಷರತ್ತು ಹೇಳಿದ್ದೇನೆ: ಹಾರ ಹಾಕಿಸಿಕೊಳ್ಳುವವರು ಕಿವುಡರಾಗಿರಬೇಕು, ಪಕ್ಕದಲ್ಲಿ ದುಭಾಷಿ ಇರಬೇಕು. ಇನ್ನೂ ಉತ್ತರ ಬಂದಿಲ್ಲ. 1951ರ ಸೆಪ್ಟೆಂಬರ್ 23ರಂದು ವಿಶ್ವ ಕಿವುಡರ ಒಕ್ಕೂಟ ಸ್ಥಾಪನೆಯಾಯಿತು, ಅದರ ನೆನಪಿಗೆ ಈ ದಿನ. ಅವರ ದಿನದಂದು ಭಾಷಣ ಮಾತ್ರ ನಮ್ಮದು!

ನಮ್ಮ ಓಣಿಯ ತುದಿಯ ಚಹದ ಕಾಕಾ ನಾಲ್ಕು ಭಾನುವಾರ ಹಿಡಿದರು. ಮೊದಲ ದಿನ ‘ಸಕ್ಕರೆ ಕಡಿಮೆ’ ಎನ್ನಲು ಹೋಗಿ ಏನೋ ತಪ್ಪು ಮಾಡಿದರು, ಅಣ್ಣ ಮತ್ತು ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೆಂದಿದ್ದರು ಎಂಬುದನ್ನು ಇಲ್ಲಿ ಬರೆಯಲು ಬಾರದು. ಕಾಕಾ ಸಿಟ್ಟಾಗಲಿಲ್ಲ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಮತ್ತೆ ಮತ್ತೆ ಮಾಡಿ ತೋರಿಸಿದರು.

ಮೊನ್ನೆ ಅಣ್ಣ ಸೇಡಂಗೆ ಹೋಗಿದ್ದ. ನಾನೊಬ್ಬಳೇ ಚಹಕ್ಕೆ ಹೋದೆ. ಕಾಕಾ ಒಂದು ಕೈಯಲ್ಲಿ ಕೆಟಲ್ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕೇಳಿದರು: ಅಣ್ಣ, ಎಲ್ಲಿ? ಪ್ರಶ್ನೆ ಸರಿಯಾಗಿ ಕೊನೆಗೆ ಬಂದಿತ್ತು. ನನಗೆ ಖುಷಿಯಾಗಿ, ‘ಸೇಡಂಗೆ ಹೋಗಿದ್ದಾನೆ ಕಾಕಾ’ ಎಂದು ಬಾಯಿಬಿಟ್ಟು ಹೇಳಿಬಿಟ್ಟೆ.

ಕಾಕಾ ಕೆಟಲ್ ಕೆಳಗಿಟ್ಟರು. ‘ಕೈಯಿಂದ ಹೇಳವ್ವಾ’ ಎಂದರು, ‘ನನಗೆ ಸೇಡಂ ಹೇಗೆ ಹೇಳುವುದೆಂದು ಗೊತ್ತಿಲ್ಲ.’